ಹೊಲದಿಂದ ನಿವೇಶನಕ್ಕೆ: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಬಡಾವಣೆ ಪರಿಶೀಲನೆಯ ಚರಿತ್ರೆ

ಸಾಗುವಳಿ ಜಮೀನನ್ನು ಮನೆ ಕಟ್ಟುವ ತುಂಡುಗಳಾಗಿ ಒಡೆಯುವ ಮೊದಲು ಆ ಪ್ರಸ್ತಾಪವನ್ನು ಸರ್ಕಾರಿ ಕಚೇರಿಗಳೂ ಊರಿನ ಆಡಳಿತ ಸಂಸ್ಥೆಯೂ ಪರಿಶೀಲಿಸಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಈ ಪದ್ಧತಿ ಒಂದೇ ಸಲಕ್ಕೆ ಬಂದದ್ದಲ್ಲ. ಸುಮಾರು ಒಂದೂವರೆ ಶತಮಾನದ ಅವಧಿಯಲ್ಲಿ ಒಂದೊಂದು ಕಾಯ್ದೆ ಒಂದೊಂದು ಪ್ರಶ್ನೆಯನ್ನು ಅದಕ್ಕೆ ಸೇರಿಸುತ್ತ ಬಂದಿದೆ. ಮೊದಲು ಬಂದದ್ದು ಕಂದಾಯದ ಪ್ರಶ್ನೆ: ಈ ಭೂಮಿಯಿಂದ ಸರ್ಕಾರಕ್ಕೆ ಸಲ್ಲಬೇಕಾದದ್ದೆಷ್ಟು? ಅದರ ಬೆನ್ನಿಗೇ ಅರಣ್ಯದ ಪ್ರಶ್ನೆ: ಇದು ಕಾಡಿನ ಗಡಿಯ ಒಳಗಿದೆಯೋ ಹೊರಗಿದೆಯೋ? ಆಮೇಲೆ ಒಡೆತನದ ಪ್ರಶ್ನೆ: ಮಾರುವವನಿಗೆ ಮಾರುವ ಹಕ್ಕಿದೆಯೇ? ರಸ್ತೆ ಎಷ್ಟು ಅಗಲ, ಮಳೆಯ ನೀರು ಎತ್ತ ಹರಿಯಬೇಕು, ಕುಡಿಯುವ ನೀರು ಎಲ್ಲಿಂದ, ಮಕ್ಕಳು ಆಡುವುದೆಲ್ಲಿ ಎಂಬ ನಿವಾಸಿಗಳ ಪ್ರಶ್ನೆಗಳು ಎಲ್ಲಕ್ಕಿಂತ ತಡವಾಗಿ ಬಂದವು. ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡದ ವಸತಿ ಪ್ರದೇಶಗಳು ಇಂದು ಇರುವ ರೀತಿಗೆ ಈ ಅನುಕ್ರಮವೇ ಮುಖ್ಯ ಕಾರಣ.

ಮೋಜಣಿಗೆ ಮೊದಲು ಮತ್ತು ನಂತರ

1799ರಲ್ಲಿ ಕನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ಅದರ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೊ. ಮದ್ರಾಸ್ ಆಡಳಿತದ ಆ ಕಾಲದಲ್ಲಿ ಇಲ್ಲಿ ಹೊಲಗಳ ಕ್ರಮಬದ್ಧ ಅಳತೆ ಇರಲಿಲ್ಲ. ಒಬ್ಬ ಒಡೆಯನ ಹೆಸರಿನಲ್ಲಿದ್ದ ಗದ್ದೆ, ತೋಟ, ಬೆಟ್ಟಗಳೆಲ್ಲ ಸೇರಿ ಒಂದು ‘ವರ್ಗ’ವೆನಿಸುತ್ತಿತ್ತು, ತೆರಿಗೆ ನಿಗದಿಯಾಗುತ್ತಿದ್ದುದು ಆ ವರ್ಗದ ಮೇಲೆ. ಮನೆ ಎಲ್ಲಿ ಕಟ್ಟಬೇಕೆಂಬುದು ಕುಟುಂಬಕ್ಕೂ ಊರಿನ ಹಿರಿಯರಿಗೂ ಬಿಟ್ಟ ವಿಷಯವಾಗಿತ್ತು. ಗದ್ದೆಯ ಮಣ್ಣು ಕೆಡದಂತೆ ಎತ್ತರದ ದಿಣ್ಣೆಯಲ್ಲಿ, ಕೆರೆ ಅಥವಾ ಹಳ್ಳಕ್ಕೆ ಸಮೀಪದಲ್ಲಿ ಊರು ಕೂಡುತ್ತಿತ್ತು.

1862ರಲ್ಲಿ ಉತ್ತರ ಕನರಾ ಜಿಲ್ಲೆ ಮುಂಬೈ ಪ್ರಾಂತಕ್ಕೆ ವರ್ಗವಾಯಿತು. ಆ ಆಡಳಿತದಲ್ಲಿ ಸೂಪಾ (ಇಂದಿನ ಜೋಯಿಡಾ ತಾಲ್ಲೂಕು) ಹಳಿಯಾಳಕ್ಕೆ ಸೇರಿದ ಪೇಟಾ (ಉಪತಾಲ್ಲೂಕು), ಮುಂಡಗೋಡ ಯಲ್ಲಾಪುರಕ್ಕೆ ಸೇರಿದ ಪೇಟಾ ಆಗಿದ್ದವು. ಮುಂದಿನ ದಶಕಗಳಲ್ಲಿ ಮುಂಬೈ ಪದ್ಧತಿಯ ಮೋಜಣಿ ಊರೂರಿಗೂ ಬಂದು ಪ್ರತಿ ಹೊಲಕ್ಕೆ ಸರ್ವೆ ನಂಬರು, ಗಡಿಗೆ ಕಲ್ಲು, ಎಕರೆ–ಗುಂಟೆಯ ಲೆಕ್ಕ ಕೊಟ್ಟಿತು. ಮನೆಗಳಿದ್ದ ಜಾಗವನ್ನು ಗಾವಠಾಣವೆಂದು ಬೇರೆಯಾಗಿ ಗುರುತಿಸಿ ಅದಕ್ಕೆ ಸಾಗುವಳಿಯ ತೆರಿಗೆ ಹಾಕದೆ ಬಿಡಲಾಯಿತು. ಗಾವಠಾಣದ ಗೆರೆಯ ಒಳಗೆ ಮನೆ, ಹೊರಗೆ ಬೇಸಾಯ ಎಂಬ ಈ ವಿಂಗಡಣೆಯೇ ಮುಂದಿನ ಎಲ್ಲ ಪರಿಶೀಲನೆಗೂ ತಳಹದಿ. ನಕ್ಷೆಯಲ್ಲಿ ಒಮ್ಮೆ ಗೆರೆ ಬಿದ್ದ ಮೇಲೆ ಅದನ್ನು ದಾಟಲು ಯಾರದಾದರೂ ಅನುಮತಿ ಬೇಕಾಯಿತು.

ಆ ಅನುಮತಿಗೆ ಕಾನೂನಿನ ರೂಪ ಕೊಟ್ಟದ್ದು 1879ರ ಮುಂಬೈ ಲ್ಯಾಂಡ್ ರೆವಿನ್ಯೂ ಕೋಡ್. ಅದರ 65ನೇ ಕಲಮಿನ ಪ್ರಕಾರ ಸಾಗುವಳಿಗೆಂದು ತೆರಿಗೆ ನಿಗದಿಯಾದ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕಲೆಕ್ಟರನ ಒಪ್ಪಿಗೆ ಪಡೆಯಬೇಕಿತ್ತು. ಪಡೆಯದಿದ್ದರೆ 66ನೇ ಕಲಮಿನ ದಂಡ. ಹೊಲದ ಮಾಲೀಕ ತನ್ನ ಬೇಸಾಯಕ್ಕೆ ಬೇಕಾದ ಮನೆ, ಕೊಟ್ಟಿಗೆ, ಬಾವಿಗಳನ್ನು ಮಾತ್ರ ಒಪ್ಪಿಗೆಯಿಲ್ಲದೆ ಕಟ್ಟಿಕೊಳ್ಳಬಹುದಿತ್ತು. ಮುಂಬೈ ಕರ್ನಾಟಕದ ಊರುಗಳಲ್ಲಿ ಇಂದಿಗೂ ‘ಎನ್.ಎ. ಮಾಡಿಸುವುದು’, ‘ಬಿನ್‌ಶೇತ್ಕಿ ಮಾಡಿಸುವುದು’ ಎಂದು ಜನ ಹೇಳುವ, ಜಮೀನನ್ನು ಬೇಸಾಯೇತರವಾಗಿಸುವ ಕೆಲಸ ಆರಂಭವಾದದ್ದು ಇಲ್ಲಿಂದ. ಕೋಡಿನ ಕಾಳಜಿ ತೆರಿಗೆಯದಾಗಿತ್ತು. ಗದ್ದೆ ಮನೆಯಾದರೆ, ಅಂಗಡಿಯಾದರೆ ಅದರಿಂದ ಬರುವ ಲಾಭ ಹೆಚ್ಚು. ಆ ಹೆಚ್ಚಳಕ್ಕೆ ತಕ್ಕ ತೆರಿಗೆ ಸರ್ಕಾರಕ್ಕೆ ಸಲ್ಲಬೇಕು. ಮನೆಗಳ ನಡುವೆ ರಸ್ತೆ ಇದೆಯೇ ಎಂದು ಮಾಮಲೇದಾರರ ಕಚೇರಿ ವರದಿಯಲ್ಲಿ ಬರೆದರೂ ತೀರ್ಮಾನ ನಿಂತಿದ್ದು ತೆರಿಗೆಯ ಮೇಲೆಯೇ. 1903ರ ಹಕ್ಕುದಾಖಲೆಯ ಕಾಯ್ದೆ ಬಂದ ಮೇಲೆ ಒಂದು ಸರ್ವೆ ನಂಬರಿನೊಳಗಿನ ಹಿಸ್ಸೆಗಳೂ ದಾಖಲಾದವು. ಉತಾರದಲ್ಲಿ ಹೆಸರು ಯಾರದು ಎಂಬುದು ಅಂದಿನಿಂದ ಜಮೀನಿನ ಯಾವುದೇ ವ್ಯವಹಾರದ ಮೊದಲ ಪ್ರಶ್ನೆಯಾಯಿತು.

ಊರಿನ ಸಂಸ್ಥೆಗೆ ಸಿಕ್ಕ ಪಾಲು ಚಿಕ್ಕದು. 1901ರ ಮುಂಬೈ ಡಿಸ್ಟ್ರಿಕ್ಟ್ ಮುನಿಸಿಪಲ್ ಕಾಯ್ದೆ ಮುನಿಸಿಪಾಲಿಟಿಗಳ ಹದ್ದಿನೊಳಗೆ ಹೊಸ ಕಟ್ಟಡ ಕಟ್ಟುವವರು ಮೊದಲೇ ತಿಳಿವಳಿಕೆ ಕೊಡಬೇಕೆಂದು ವಿಧಿಸಿತು. ಪರಿಶೀಲನೆ ನಡೆಯುತ್ತಿದ್ದುದು ಒಂದೊಂದೇ ಮನೆಯದು. ಇಡೀ ಹೊಲವನ್ನು ಒಡೆಯುವ ಯೋಜನೆಯದಲ್ಲ. 1915ರಲ್ಲಿ ಮುಂಬೈ ಪ್ರಾಂತಕ್ಕೆ ನಗರ ಯೋಜನೆಯ ಕಾಯ್ದೆಯೇ ಬಂದಿತಾದರೂ ಅದರ ಅಡಿಯ ಯೋಜನೆಗಳು ಹೆಚ್ಚಾಗಿ ಮುಂಬೈ, ಅಹಮದಾಬಾದಿನಂಥ ದೊಡ್ಡ ನಗರಗಳಿಗೆ ಸಂಬಂಧಿಸಿದ್ದವು.

ಕಾಡಿನ ಗೆರೆ

ಬಯಲುಸೀಮೆಯ ಊರು ಬೆಳೆದರೆ ಸುತ್ತಲಿನ ಹೊಲದತ್ತ ಚಾಚುತ್ತದೆ. ಈ ತಾಲ್ಲೂಕುಗಳಲ್ಲಿ ಊರಿನ ಅಂಚು ಬಹುಬೇಗ ಕಾಡಿಗೆ ತಾಗುತ್ತದೆ. 1878ರ ಅರಣ್ಯ ಕಾಯ್ದೆಯ ಅಡಿಯಲ್ಲಿ ಉತ್ತರ ಕನರಾದ ವಿಶಾಲ ಕಾಡುಗಳು ಕಾದಿಟ್ಟ ಅರಣ್ಯಗಳಾದವು. ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಕುಮ್ರಿ ಬೇಸಾಯಕ್ಕೆ ಕಡಿವಾಣ ಬಿದ್ದು, ಕುಣಬಿ, ಸಿದ್ದಿ, ಗೌಳಿ ಮೊದಲಾದ ಸಮುದಾಯಗಳ ವಾಸದ ಜಾಗ ಅನೇಕ ಕಡೆ ಅರಣ್ಯದ ದಾಖಲೆಯೊಳಗೆ ಸಿಕ್ಕಿಕೊಂಡಿತು. ಖಾಸಗಿ ಒಡೆತನದ ಮಾಲ್ಕಿ ಜಮೀನು ಒಟ್ಟು ಭೂಮಿಯಲ್ಲಿ ಚಿಕ್ಕ ಪಾಲಾಗಿ ಉಳಿಯಿತು. ಇಡೀ ಜಿಲ್ಲೆಯ ಮುಕ್ಕಾಲು ಪಾಲಿಗೂ ಮಿಕ್ಕ ಭಾಗ ಅರಣ್ಯವಾಗಿರುವಾಗ ಮನೆಗೆ ಸಿಗುವ ನೆಲ ಯಾವತ್ತೂ ಬಿಗಿಯಾಗಿಯೇ ಇದೆ. ಹಳಿಯಾಳದ ಪೂರ್ವಭಾಗ ಮತ್ತು ಮುಂಡಗೋಡದ ಬಯಲು ಅಂಚು ಗದ್ದೆ–ಕೆರೆಗಳ ನಾಡು. ಜೋಯಿಡಾ ಬಹುಪಾಲು ದಟ್ಟ ಕಾಡು. ದಾಂಡೇಲಿ ಕಾಡಿನ ನಡುವೆ ಬೆಳೆದ ಊರು. ಹೀಗಾಗಿ ಒಂದೇ ಕಾಯ್ದೆ ಈ ನಾಲ್ಕು ಕಡೆಗಳಲ್ಲಿ ನಾಲ್ಕು ಬಗೆಯ ಪರಿಣಾಮ ಬೀರಿತು.

ದಾಂಡೇಲಿ: ಕಾರ್ಖಾನೆ ಕಟ್ಟಿದ ಊರು

ಕಾಳಿ ನದಿಯ ದಂಡೆಯ ದಾಂಡೇಲಿ ಮೊದಲು ಮರಮಟ್ಟಿನ ಡಿಪೊ ಎಂದೇ ಹೆಸರಾಗಿತ್ತು. ಅಳ್ನಾವರದಿಂದ ಕವಲೊಡೆದ ರೈಲುಹಾದಿ ಬಂದದ್ದೂ ತೇಗ ಮತ್ತು ಇತರ ಮರಗಳನ್ನು ಸಾಗಿಸಲಿಕ್ಕೆ. ಊರಿನ ರೂಪ ಬದಲಾದದ್ದು 1950ರ ದಶಕದಲ್ಲಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರ ಹೊತ್ತಿಗೆ ಕಾಗದ ತಯಾರಿಕೆ ಆರಂಭಿಸಿತು. ಪ್ಲೈವುಡ್ ಮತ್ತು ಫೆರೋ ಅಲಾಯ್ ಕಾರ್ಖಾನೆಗಳೂ ಇಲ್ಲಿದ್ದವು. ಕೆಲಸ ಹುಡುಕಿಕೊಂಡು ಕರ್ನಾಟಕದ ಒಳನಾಡಿನಿಂದ, ಮಹಾರಾಷ್ಟ್ರ, ಆಂಧ್ರ, ಕೇರಳ, ರಾಜಸ್ಥಾನಗಳಿಂದ ಜನ ಬಂದರು.

ಕಾಗದ ಕಾರ್ಖಾನೆ ತನ್ನ ನೌಕರರಿಗೆಂದು ಬಂಗೂರನಗರವನ್ನು ಕಟ್ಟಿತು. ಶಾಲೆ, ಆಸ್ಪತ್ರೆ, ಮೈದಾನ, ನೀರಿನ ಕೊಳವೆ, ನೆರಳಿನ ರಸ್ತೆಗಳಿರುವ ಇಂಥ ಕಾಲನಿಗಳನ್ನು ಕಂಪನಿಯ ಎಂಜಿನಿಯರರೇ ವಿನ್ಯಾಸಗೊಳಿಸಿದರು; ನಿರ್ವಹಣೆಯೂ ಕಂಪನಿಯದೇ. ಮುಂದೆ ಕಾಳಿ ವಿದ್ಯುತ್ ಯೋಜನೆ ಬಂದಾಗ ಕರ್ನಾಟಕ ವಿದ್ಯುತ್ ನಿಗಮ ಅಂಬಿಕಾನಗರ ಮತ್ತು ಗಣೇಶಗುಡಿಗಳಲ್ಲಿ ಅದೇ ಕ್ರಮದಲ್ಲಿ ಕಾಲನಿ ಕಟ್ಟಿತು. ಕಾಲನಿಯ ಆವರಣದ ಹೊರಗೆ ಇನ್ನೊಂದು ಊರು ಬೆಳೆಯಿತು. ಗುತ್ತಿಗೆ ಕೂಲಿಗಳು, ಬಿದಿರು ಇಳಿಸುವವರು, ಅಂಗಡಿಯವರು, ಚಾಲಕರು ಸರ್ಕಾರಿ ಮತ್ತು ಅರಣ್ಯ ಭೂಮಿಯ ಅಂಚಿನಲ್ಲಿ ಗುಡಿಸಲು ಹಾಕಿ, ವರ್ಷಗಳು ಕಳೆದಂತೆ ಗೋಡೆ ಕಟ್ಟಿ, ಹಂಚು ಹೊದಿಸಿದರು. ಆ ಮನೆಗಳು ಯಾವ ಪರಿಶೀಲನೆಯನ್ನೂ ಹಾದು ಬಂದವಲ್ಲ. ಕಾರ್ಖಾನೆಗೆ ಬೇಕಾದ ದುಡಿಮೆಗಾರರಿಗೆ ನೆಲವನ್ನು ಯಾರೂ ಮುಂಚಿತವಾಗಿ ಗೊತ್ತುಮಾಡಿರಲಿಲ್ಲ. ಪರಿಣಾಮವಾಗಿ ಊರಿನ ಆಡಳಿತ ಸಂಸ್ಥೆಯ ಕೆಲಸ ದಶಕಗಳ ಕಾಲ ಹಿಂದುಮುಂದಾಯಿತು: ಮೊದಲು ಮನೆ, ಆಮೇಲೆ ದಾರಿ, ಆಮೇಲೆ ನಲ್ಲಿ, ಕೊನೆಗೆ ಹಕ್ಕುಪತ್ರದ ಅರ್ಜಿ.

ಒಂದೇ ರಾಜ್ಯ, ಎರಡು ಕಾಯ್ದೆ

1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಆಡಳಿತಗಳಿಂದ ಬಂದ ಜಿಲ್ಲೆಗಳಿಗೆ ಒಂದೇ ಕಾನೂನು ತರುವ ಕೆಲಸ ಮುಂದಿನ ದಶಕದಲ್ಲಿ ನಡೆಯಿತು. ಬಡಾವಣೆಗೆ ಸಂಬಂಧಿಸಿದಂತೆ ಅದರ ಫಲವಾಗಿ ಬಂದವು ಮುಖ್ಯವಾಗಿ ಎರಡು ಕಾಯ್ದೆಗಳು.

ಮೊದಲನೆಯದು 1964ರ ಭೂಕಂದಾಯ ಕಾಯ್ದೆ. ಮುಂಬೈ ಕೋಡಿನ 65ನೇ ಕಲಮು ಇದರಲ್ಲಿ 95ನೇ ಕಲಮಾಗಿ ಮುಂದುವರಿಯಿತು. ಕಲೆಕ್ಟರನ ಜಾಗದಲ್ಲಿ ಜಿಲ್ಲಾಧಿಕಾರಿ ಬಂದರು. ಅರ್ಜಿ ಸಲ್ಲಿಸಿ ನಾಲ್ಕು ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸಬೇಕೆಂಬ ನಿಯಮವೂ ಇದರಲ್ಲಿತ್ತು. ಎರಡನೆಯದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದು ಜಾರಿಗೆ ಬಂದದ್ದು 1965ರ ಜನವರಿ 15ರಂದು. ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಣೆಯಾದ ಕಡೆ ನಿವೇಶನಗಳಾಗಿ ಒಡೆಯುವವರು, ಖಾಸಗಿ ರಸ್ತೆ ಮಾಡುವವರು ಮೊದಲು ವಿನ್ಯಾಸ ನಕ್ಷೆ ಸಲ್ಲಿಸಿ ಯೋಜನಾ ಪ್ರಾಧಿಕಾರದ ಮಂಜೂರಾತಿ ಪಡೆಯಬೇಕೆಂದು ಅದರ 17ನೇ ಕಲಮು ಹೇಳಿತು. ಬಿಡಿ ಮನೆಯ ಬದಲು ಇಡೀ ಹೊಲವನ್ನು ಒಂದೇ ಘಟಕವಾಗಿ ನೋಡುವ ದೃಷ್ಟಿ ಈ ಭಾಗದ ಕಾನೂನಿಗೆ ಸ್ಪಷ್ಟವಾಗಿ ಬಂದದ್ದು ಆಗ. ಅದೇ ಅವಧಿಯಲ್ಲಿ 1964ರ ಪುರಸಭೆಗಳ ಕಾಯ್ದೆ ಕಟ್ಟಡ ಪರವಾನಗಿ, ಖಾಸಗಿ ರಸ್ತೆ ಮತ್ತು ಚರಂಡಿಯ ಅಧಿಕಾರಗಳನ್ನು ಊರಿನ ಸಂಸ್ಥೆಗೆ ಕೊಟ್ಟಿತು.

ಕಾಗದದ ಮೇಲೆ ಈ ಮೂರೂ ಒಂದಕ್ಕೊಂದು ಪೂರಕ. ಆಚರಣೆಯಲ್ಲಿ ಮೂರೂ ಬೇರೆ ಬೇರೆ ಕಚೇರಿಗಳ ಕೈಯಲ್ಲಿದ್ದವು, ಮತ್ತು ಅವುಗಳಲ್ಲಿ ಎಲ್ಲರಿಗೂ ಪರಿಚಿತವಾಗಿದ್ದುದು ಎನ್.ಎ. ಒಂದೇ. ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶ ಸಿಕ್ಕರೆ ಎಲ್ಲ ಅನುಮತಿಯೂ ಸಿಕ್ಕಂತೆ ಎಂಬ ತಿಳಿವಳಿಕೆ ಬಲವಾಗಿ ಬೇರೂರಿತು. ವಿನ್ಯಾಸಕ್ಕೆ ಮಂಜೂರಾತಿ ಇಲ್ಲದೆ ಕೇವಲ ಎನ್.ಎ. ಆದೇಶದ ಆಧಾರದಲ್ಲಿ ಹೊಲ ಒಡೆದು ಮಾರಿದ ಉದಾಹರಣೆಗಳು ಉತ್ತರ ಕರ್ನಾಟಕದ ಬಹುತೇಕ ಎಲ್ಲ ಊರುಗಳಲ್ಲೂ ಇವೆ.

ಸರ್ಕಾರವೇ ಒಡೆದ ನೆಲ

ಕಾರ್ಖಾನೆಯ ಕಾಲನಿಯನ್ನು ಬಿಟ್ಟರೆ, ಈ ತಾಲ್ಲೂಕುಗಳಲ್ಲಿ ದೊಡ್ಡ ಪ್ರಮಾಣದ ವಸತಿ ವಿಂಗಡಣೆ ಮೊದಲು ಮಾಡಿದ್ದು ಖಾಸಗಿಯವರಲ್ಲ, ಸರ್ಕಾರ. 1966ರಲ್ಲಿ ಮುಂಡಗೋಡ ತಾಲ್ಲೂಕಿನ ಸುಮಾರು 4,000 ಎಕರೆ ಅರಣ್ಯವನ್ನು ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆ ಕೊಡಲಾಯಿತು. ಕಾಡು ಕಡಿದು ಹೊಲ ಮಾಡಿ, ಮನೆಗಳನ್ನು ಕ್ಯಾಂಪುಗಳಾಗಿ ಗುಂಪುಗೂಡಿಸಿ ದೋಗುಲಿಂಗ್ ವಸಾಹತನ್ನು ನಿರ್ಮಿಸಲಾಯಿತು. ಆಮೇಲೆ ಬಂದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಅಲ್ಲಿ ದೊಡ್ಡ ವಿದ್ಯಾಕೇಂದ್ರಗಳಾಗಿ ಬೆಳೆದವು. ಕ್ಯಾಂಪುಗಳ ನಡುವೆ ಹೊಲ, ಪ್ರತಿ ಕ್ಯಾಂಪಿಗೂ ರಸ್ತೆ ಮತ್ತು ನೀರು, ಶಾಲೆ ಹಾಗೂ ಆಸ್ಪತ್ರೆಗೆ ಮೀಸಲು ಜಾಗ ಎಂಬ ಕ್ರಮದಲ್ಲಿ ರೂಪುಗೊಂಡ ಈ ವಸಾಹತು ನೆಲವನ್ನು ಮುಂಚಿತವಾಗಿ ಯೋಜಿಸಿ ಹಂಚುವುದಕ್ಕೆ ಈ ಭಾಗದ ದೊಡ್ಡ ಉದಾಹರಣೆ. ಆದರೆ ಭೂಮಿ ನಿವಾಸಿಗಳ ಒಡೆತನಕ್ಕೆ ಹೋಗಲಿಲ್ಲ. ಹಕ್ಕಿನ ಆ ಅನಿಶ್ಚಿತತೆಯನ್ನು ಕಡಿಮೆ ಮಾಡಲು 2014ರ ಟಿಬೆಟನ್ ಪುನರ್ವಸತಿ ನೀತಿ ರಾಜ್ಯಗಳು 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದು ಸೂಚಿಸಿತು.

ಎರಡನೆಯ ಉದಾಹರಣೆ ಸೂಪಾ. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದ ಬಳಿಯಿದ್ದ ಸೂಪಾ ತಾಲ್ಲೂಕು ಕೇಂದ್ರವಾಗಿತ್ತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಅಣೆಕಟ್ಟು ಮುಗಿದದ್ದು 1987ರಲ್ಲಿ. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ತಾಲ್ಲೂಕಿಗೂ ಅದೇ ಹೆಸರಾಯಿತು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ನಿವೇಶನ ಸಿಕ್ಕಿತು. ಹರಿಯುವ ಹೊಳೆಯ ದಂಡೆಯಲ್ಲಿ, ಗದ್ದೆಯ ಮಗ್ಗುಲಲ್ಲಿ, ನೆಂಟರ ಮನೆಗಳ ನಡುವೆ ಬದುಕಿದ ಜನ ನೇರ ರಸ್ತೆಗಳ ನಡುವಿನ ಆಯತಾಕಾರದ ನಿವೇಶನಗಳಲ್ಲಿ ಹೊಸದಾಗಿ ಊರು ಕಟ್ಟಬೇಕಾಯಿತು. ಎರಡೂ ಯೋಜನೆಗಳಲ್ಲಿ ನಿರ್ಧಾರ ರಾಜ್ಯ ಮಟ್ಟದಲ್ಲಿ ಆಗಿತ್ತು. ಪಕ್ಕದ ಊರಿನ ಪಂಚಾಯಿತಿಯ ಠರಾವಿಗಾಗಲಿ ಅಲ್ಲಿ ವಾಸಿಸಬೇಕಾದವರ ಆಯ್ಕೆಗಾಗಲಿ ನಕ್ಷೆಯಲ್ಲಿ ಹೆಚ್ಚಿನ ಜಾಗ ಇರಲಿಲ್ಲ.

ಒಡೆತನದ ಪ್ರಶ್ನೆ

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಘಟ್ಟದ ಮೇಲಿನ ಗದ್ದೆಗಳನ್ನು ತಲೆತಲಾಂತರದಿಂದ ಉತ್ತಿದವರಿಗೆ ಪಹಣಿಯಲ್ಲಿ ಹೆಸರು ಸಿಕ್ಕಿದ್ದು ದೊಡ್ಡ ಸಾಮಾಜಿಕ ಬದಲಾವಣೆ. ಹೀಗೆ ಸಿಕ್ಕ ಜಮೀನನ್ನು 15 ವರ್ಷ ಮಾರುವಂತಿಲ್ಲ ಎಂಬ ಕಟ್ಟಳೆ ಅದರ ಜೊತೆಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆಯಾಗದಂತೆ 1978ರ ಕಾಯ್ದೆ ತಡೆಯಿತು. ಬೇಸಾಯಗಾರರಲ್ಲದವರು ಸಾಗುವಳಿ ಜಮೀನು ಕೊಳ್ಳುವುದಕ್ಕಿದ್ದ ನಿರ್ಬಂಧ 2020ರವರೆಗೂ ಉಳಿಯಿತು. ಈ ನಿಯಮಗಳಿಂದಾಗಿ ಬಡಾವಣೆಯ ಕಡತದಲ್ಲಿ ಜಮೀನಿನ ಮೂಲ ತೋರಿಸುವ ಹಳೆಯ ದಾಖಲೆಗಳು ಕಡ್ಡಾಯವಾದವು. ದುರ್ಬಲರ ಜಮೀನು ಕೈತಪ್ಪದಿರಲೆಂದು ಇಟ್ಟ ಈ ಕಾವಲು ಪರಿಶೀಲನೆಯ ಅತ್ಯಂತ ಬೆಲೆಯುಳ್ಳ ಭಾಗಗಳಲ್ಲೊಂದು.

ಕಾಡಿನ ಗೆರೆಯೂ ಇದೇ ಅವಧಿಯಲ್ಲಿ ಗಟ್ಟಿಯಾಯಿತು. 1980ರ ಅಕ್ಟೋಬರ್ 25ರಿಂದ ಜಾರಿಯಲ್ಲಿರುವ ಅರಣ್ಯ ಸಂರಕ್ಷಣಾ ಕಾಯ್ದೆ ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿ ಬೇರೆ ಬಳಕೆಗೆ ಹೋಗದಂತೆ ಮಾಡಿತು. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇದ್ದರೂ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವ ನೆಲಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಅಂದಿನಿಂದ ಈ ತಾಲ್ಲೂಕುಗಳ ಪರಿವರ್ತನಾ ಅರ್ಜಿಗೆ ಅರಣ್ಯ ಇಲಾಖೆಯ ಅಭಿಪ್ರಾಯ ನಿರ್ಣಾಯಕವಾಗಿದೆ. ಕಾಡಿನೊಳಗೆ ತಲೆಮಾರುಗಳಿಂದ ಇರುವವರ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮೊದಲ ಬಾರಿಗೆ ಒಪ್ಪಿಕೊಂಡಿತು. ಅರಣ್ಯ ಗ್ರಾಮಗಳನ್ನು ಕಂದಾಯ ಗ್ರಾಮಗಳಾಗಿಸಲೂ ಅದರಲ್ಲಿ ಅವಕಾಶವಿದೆ.

ಪಂಚಾಯಿತಿ, ಪುರಸಭೆ ಮತ್ತು ಗುಂಟೆಯ ಪ್ಲಾಟುಗಳು

1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದು ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ನೆಲೆ ಸಿಕ್ಕಿತು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷ ಬಂದಿತು. ಈಗ ದಾಂಡೇಲಿಯಲ್ಲಿ ನಗರಸಭೆ, ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯಿತಿ, ಜೋಯಿಡಾದಲ್ಲಿ ಗ್ರಾಮ ಪಂಚಾಯಿತಿ ಇವೆ. ಹಳಿಯಾಳ ತಾಲ್ಲೂಕಿನ ಭಾಗವಾಗಿದ್ದ ದಾಂಡೇಲಿ, 2017–18ರ ರಾಜ್ಯ ಬಜೆಟ್‌ನಲ್ಲಿ ಪ್ರಕಟವಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ಪ್ರತ್ಯೇಕ ತಾಲ್ಲೂಕಾಯಿತು. ಹೀಗೆ ನಾಲ್ಕು ಕೇಂದ್ರಗಳಲ್ಲಿ ನಾಲ್ಕು ದರ್ಜೆಯ ಸಂಸ್ಥೆಗಳು, ನಾಲ್ಕು ಪ್ರಮಾಣದ ಸಿಬ್ಬಂದಿ. ನಗರಸಭೆಯ ಪೌರಾಯುಕ್ತರ ಬಳಿ ಇರುವ ಎಂಜಿನಿಯರುಗಳ ಬಲ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಇಲ್ಲ.

ಹೆದ್ದಾರಿ ಸುಧಾರಿಸಿ ಹುಬ್ಬಳ್ಳಿ–ಧಾರವಾಡಗಳ ಓಡಾಟ ಹೆಚ್ಚಿದಂತೆ ಹಳಿಯಾಳ ಮತ್ತು ಮುಂಡಗೋಡದ ಅಂಚಿನ ಹೊಲಗಳಿಗೆ ಬೇಡಿಕೆ ಬಂದಿತು. ಇಂಥ ಹೊಲವನ್ನು ಗುಂಟೆ ಲೆಕ್ಕದಲ್ಲಿ ಒಡೆದು ಮಾರುವುದು ಸುಲಭದ ದಾರಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. 30×40 ಅಡಿಯ ನಿವೇಶನಕ್ಕಿಂತ ತುಸು ಕಡಿಮೆ. ನಾಲ್ಕು ಎಕರೆಯ ಹೊಲದಲ್ಲಿ 160 ಗುಂಟೆ. ಮಂಜೂರಾದ ವಿನ್ಯಾಸದಲ್ಲಿ ರಸ್ತೆ, ಉದ್ಯಾನ, ಸಾರ್ವಜನಿಕ ಬಳಕೆಯ ಜಾಗಗಳನ್ನು ಬಿಟ್ಟು ಸುಮಾರು ಶೇ 55 ಭಾಗ ಮಾತ್ರ ಮಾರಾಟಕ್ಕೆ ಉಳಿದರೆ 30×40ರ ಸುಮಾರು 80 ನಿವೇಶನಗಳಾಗುತ್ತವೆ. ಇಕ್ಕಟ್ಟಿನ ಒಂದು ದಾರಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಒಡೆದರೆ ನೂರಿಪ್ಪತ್ತು ದಾಟುತ್ತವೆ. ಆ ನಲವತ್ತು ಹೆಚ್ಚುವರಿ ತುಂಡುಗಳ ಹಣ ಮಾರಿದವರಿಗೆ ಸಿಗುತ್ತದೆ. ಚರಂಡಿಯಿಲ್ಲದ ಬೀದಿಯ ಕಷ್ಟ ಕೊಂಡವರ ಪಾಲಿಗೆ ಬರುತ್ತದೆ. ಕಂತಿನಲ್ಲಿ ಉಳಿಸಿದ ಹಣ ಹಾಕಿ ಕೊಳ್ಳುವವರು ಹೆಚ್ಚಾಗಿ ಶಿಕ್ಷಕರು, ಚಾಲಕರು, ನಿವೃತ್ತರು, ಚಿಕ್ಕ ವ್ಯಾಪಾರಿಗಳು. ಪರಿಶೀಲನೆ ತಪ್ಪಿದರೆ ಪೆಟ್ಟು ಬೀಳುವುದು ಅವರಿಗೆ.

ಸರ್ಕಾರ ಇದಕ್ಕೆ ಎರಡು ಬಗೆಯಲ್ಲಿ ಸ್ಪಂದಿಸಿತು. ಒಂದು, ದಾಖಲೆಯ ಬಿಗಿ. ಗ್ರಾಮ ಪಂಚಾಯಿತಿಗಳಿಗೆ 2013ರಲ್ಲಿ ಬಂದ ಇ-ಸ್ವತ್ತು ತಂತ್ರಾಂಶ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ನ್ನು ಗಣಕದಲ್ಲೇ ಕೊಡುವಂತೆ ಮಾಡಿತು. ಗ್ರಾಮಠಾಣದ ಒಳಗಿನ ಮನೆ, ಪರಿವರ್ತನೆಯಾಗಿ ವಿನ್ಯಾಸ ಮಂಜೂರಾದ ನಿವೇಶನ, ಸರ್ಕಾರಿ ವಸತಿ ಯೋಜನೆಯ ಮನೆ, ಇಂಥವಕ್ಕೆ ಮಾತ್ರ ನಮೂನೆ 9 ಸಿಗತೊಡಗಿತು. ಇನ್ನೊಂದು, ಸಕ್ರಮಗೊಳಿಸುವ ಯತ್ನ. ಯೋಜನಾ ಕಾಯ್ದೆಗೆ 2007ರಲ್ಲಿ ಸೇರಿದ 76ಎಫ್‌ಎಫ್ ಕಲಮಿನ ‘ಅಕ್ರಮ–ಸಕ್ರಮ’ವನ್ನು 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಮತ್ತು 94ಸಿಸಿ ಕಲಮುಗಳು ಬೇರೆ ದಾರಿ ತೆರೆದವು. 2024ರ ಕೊನೆಯಲ್ಲಿ ನಗರ ಪ್ರದೇಶದ ಸ್ವತ್ತಿನ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2025ರಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಅನುಮೋದನೆಯಿಲ್ಲದ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿದವು. ಬಿ-ಖಾತಾದಿಂದ ಆ ಸ್ವತ್ತು ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಬಡಾವಣೆ ಮಂಜೂರಾದಂತಾಗುವುದಿಲ್ಲ.

ಪ್ರಸ್ತಾಪವೊಂದು ಸಾಗುವ ಹಾದಿ

ಇಂದಿನ ಪರಿಶೀಲನೆ ಈ ಎಲ್ಲ ಪದರುಗಳ ಒಟ್ಟು ಮೊತ್ತ. ಜಮೀನಿನ ಮಾಲೀಕರು ಮೊದಲು ಭೂಮಾಪನ ಇಲಾಖೆಯಿಂದ 11ಇ ನಕ್ಷೆ ಮಾಡಿಸಿ ಪರಿವರ್ತನೆಗೆ ಅರ್ಜಿ ಹಾಕುತ್ತಾರೆ. ಪಹಣಿಯ ಹೆಸರು, ಜಮೀನಿನ ಮೂಲ, ಬಾಕಿ ವ್ಯಾಜ್ಯ, ಅರಣ್ಯದ ಗಡಿಗಳನ್ನು ಕಂದಾಯ ಇಲಾಖೆ ನೋಡುತ್ತದೆ. ‘ಬ’ ಖರಾಬು ಇದೆಯೇ ಎಂಬುದು ಇಲ್ಲಿ ಮುಖ್ಯ. ಸರ್ವೆ ನಂಬರಿನೊಳಗೆ ಹಾದುಹೋಗುವ ಬಂಡಿದಾರಿ, ಹಳ್ಳ, ಕೆರೆ ಕಾಲುವೆಗಳು ‘ಬ’ ಖರಾಬಾಗಿ ದಾಖಲಾಗಿರುತ್ತವೆ. ಅವು ಸಾರ್ವಜನಿಕ ಸ್ವತ್ತು; ಹೊಲದ ಮಾಲೀಕರಿಗೆ ಅವನ್ನು ನಿವೇಶನದಲ್ಲಿ ಸೇರಿಸುವ ಹಕ್ಕಿಲ್ಲ. ಕೆರೆಗಳು ಸಾಲುಸಾಲಾಗಿರುವ ಹಳಿಯಾಳ, ಮುಂಡಗೋಡಗಳಲ್ಲಿ ಈ ಒಂದು ನಮೂದು ತಪ್ಪಿದರೆ ಮಳೆಗಾಲದ ನೀರು ಕೆರೆಗೆ ಹೋಗದೆ ಮನೆಗಳಿಗೆ ನುಗ್ಗುತ್ತದೆ.

ಪರಿವರ್ತನೆಯ ನಂತರ ವಿನ್ಯಾಸ ನಕ್ಷೆಯ ಸರದಿ. ಯೋಜನಾ ಪ್ರಾಧಿಕಾರವಿರುವ ಕಡೆ ಅದು, ಉಳಿದೆಡೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿ ತಾಂತ್ರಿಕ ಪರಿಶೀಲನೆ ಮಾಡುತ್ತದೆ. ಹೊರಗಿನ ಸಾರ್ವಜನಿಕ ರಸ್ತೆಗೆ ಸಂಪರ್ಕ ಎಷ್ಟು ಅಗಲವಿದೆ, ಒಳರಸ್ತೆಗಳು ಕನಿಷ್ಠ 9 ಮೀಟರ್ ಇವೆಯೇ, ಪಕ್ಕದ ಬಡಾವಣೆಯ ರಸ್ತೆಗೆ ಕೂಡುತ್ತವೆಯೇ, ಕೆರೆ–ಹಳ್ಳಗಳಿಂದ ನಿಗದಿತ ಅಂತರ ಬಿಟ್ಟಿದೆಯೇ ಎಂದು ನೋಡಲಾಗುತ್ತದೆ. ಸಾಮಾನ್ಯ ಕ್ರಮದಲ್ಲಿ ಒಟ್ಟು ವಿಸ್ತೀರ್ಣದ ಶೇ 10 ಉದ್ಯಾನ ಮತ್ತು ಬಯಲಿಗೆ, ಶೇ 5 ಶಾಲೆ, ಅಂಗನವಾಡಿ, ನೀರಿನ ಟ್ಯಾಂಕಿನಂಥ ನಾಗರಿಕ ಸೌಲಭ್ಯಕ್ಕೆ ಮೀಸಲಾಗಬೇಕು. ಚಿಕ್ಕ ವಿನ್ಯಾಸಗಳಿಗೆ ಬೇರೆ ನಿಯಮಗಳಿವೆ. ನೀರು, ವಿದ್ಯುತ್, ಒಳಚರಂಡಿಗೆ ಸಂಬಂಧಿಸಿದ ಸಂಸ್ಥೆಗಳ ನಿರಾಕ್ಷೇಪಣಾ ಪತ್ರ ಬೇಕು. ನಿವೇಶನಗಳನ್ನು ಒಂದೇ ಸಲ ಮಾರಲು ಬಿಡದೆ, ಕಾಮಗಾರಿ ಮುಂದುವರಿದಂತೆ ಶೇ 40, 30, 30ರ ಕಂತಿನಲ್ಲಿ ಬಿಡುಗಡೆ ಮಾಡುವ ಕ್ರಮ ಬಳಕೆಯಲ್ಲಿದೆ. 500 ಚದರ ಮೀಟರಿಗಿಂತ ದೊಡ್ಡ ಯೋಜನೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿಯಾಗಬೇಕು.

ಊರಿನ ಸಂಸ್ಥೆ ಈ ಹಾದಿಯಲ್ಲಿ ಎರಡು ಕಡೆ ಸಿಗುತ್ತದೆ. ನಡುವೆ ಅಭಿಪ್ರಾಯ ಕೊಡುವಾಗ, ಕೊನೆಗೆ ಬಡಾವಣೆಯನ್ನು ವಹಿಸಿಕೊಳ್ಳುವಾಗ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಮಾಲೀಕರು ನೋಂದಾಯಿತ ಪತ್ರದ ಮೂಲಕ ಉಚಿತವಾಗಿ ಬಿಟ್ಟುಕೊಡಬೇಕು. ಅಂದಿನಿಂದ ಬೀದಿದೀಪ, ನೀರು, ಕಸ, ಚರಂಡಿಯ ಹೊಣೆ ಶಾಶ್ವತವಾಗಿ ಸಂಸ್ಥೆಯದು. ಹೀಗೆ ಮೀಸಲಾದ ಬಯಲು ಬೇರೆಯವರ ಪಾಲಾಗದಂತೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಕಾಯುತ್ತದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಇಟ್ಟ ಜಾಗವನ್ನು ಆಸ್ಪತ್ರೆಗಾಗಿ ಖಾಸಗಿ ಟ್ರಸ್ಟಿಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪಿತ್ತಿತು. ಉದ್ಯಾನದ ಜಾಗ ನಿವಾಸಿಗಳೆಲ್ಲರದು ಎಂಬ ಆ ತತ್ವ ರಾಜ್ಯದ ಪ್ರತಿ ಊರಿಗೂ ಅನ್ವಯಿಸುತ್ತದೆ.

ಜೋಯಿಡಾದ ಹೊಸ ಪ್ರಶ್ನೆ

ಜೋಯಿಡಾದಲ್ಲಿ ಪರಿಶೀಲನೆಗೆ ಮತ್ತೊಂದು ಪದರು ಸೇರಿದೆ. 1956ರಲ್ಲಿ ಘೋಷಣೆಯಾದ ದಾಂಡೇಲಿ ವನ್ಯಜೀವಿಧಾಮ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ 2007ರಲ್ಲಿ ಒಟ್ಟಾಗಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಿಂದ ಅದರ ಹೆಸರು ಕಾಳಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಈ ತಾಲ್ಲೂಕಿನ ಹಳ್ಳಿಗಳೂ ಇವೆ. 20,000 ಚದರ ಮೀಟರ್ ಮೀರಿದ ಕಟ್ಟಡ, 50 ಹೆಕ್ಟೇರ್ ಮೀರಿದ ಟೌನ್‌ಶಿಪ್‌ಗಳನ್ನು ಆ ಕರಡು ನಿಷೇಧಿಸುತ್ತದೆ. 2024ರ ಜುಲೈ 31ರಂದು ಅದು ಆರನೆಯ ಬಾರಿ ಪ್ರಕಟವಾಯಿತು. ಕಾಳಿಯ ದಂಡೆಯಲ್ಲಿ ಪ್ರವಾಸೋದ್ಯಮ ಬೆಳೆದು ಗದ್ದೆಯ ತುಂಡುಗಳು ರೆಸಾರ್ಟು, ಹೋಂಸ್ಟೇಗಳಾಗುತ್ತಿವೆ. ಒಂದೊಂದೂ ಚಿಕ್ಕದಾದ್ದರಿಂದ ಇಂಥ ಮಿತಿಗಳೊಳಗೇ ಉಳಿಯುತ್ತದೆ. ಹಳ್ಳದ ನೀರು, ಕಸ, ಪ್ರಾಣಿಗಳ ಓಡಾಟದ ಮೇಲೆ ಬೀಳುವ ಒಟ್ಟು ಭಾರ ಯಾವ ಒಂದು ಅರ್ಜಿಯಲ್ಲೂ ಕಾಣುವುದಿಲ್ಲ. ಇದೇ ಹಳ್ಳಿಗಳಲ್ಲಿ ಕುಣಬಿ ಕುಟುಂಬಗಳು ಪೂರ್ವಿಕರ ಮನೆಗೊಂದು ಕೋಣೆ ಸೇರಿಸಲೂ ದಾಖಲೆಗಾಗಿ ಓಡಾಡಬೇಕಾಗುತ್ತದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಎಳೆದ ಗೆರೆಗಳು ಒಂದೇ ಹಳ್ಳಿಯ ಮೇಲೆ ಒಟ್ಟಿಗೆ ಬಿದ್ದಾಗ ಉಂಟಾಗುವ ಸ್ಥಿತಿ ಇದು.

ಪರಿಶೀಲನೆಯ ಸ್ವರೂಪ

ನಾಲ್ಕು ತಾಲ್ಲೂಕುಗಳ ಅನುಭವವನ್ನು ಒಟ್ಟಿಗೆ ಇಟ್ಟರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ನೆಲ ಒಡೆಯುವ ಮೊದಲೇ ರಸ್ತೆ, ನೀರು, ಬಯಲು ಗೊತ್ತುಮಾಡಿದ ಕಡೆ, ಬಂಗೂರನಗರವಿರಲಿ, ಮುಂಡಗೋಡದ ಕ್ಯಾಂಪುಗಳಿರಲಿ, ವಾಸ ಸುಸ್ಥಿರವಾಗಿದೆ. ಅದನ್ನು ಮನೆಗಳಾದ ಮೇಲೆ ಹೊಂದಿಸಲು ಹೊರಟ ಕಡೆ ಪುರಸಭೆ–ಪಂಚಾಯಿತಿಗಳು ದಶಕಗಳ ಕಾಲ ಹಣ ಸುರಿದರೂ ಕೊರತೆ ಉಳಿದಿದೆ. ಮೂಲದಲ್ಲಿ ತೆರಿಗೆಗಾಗಿ ಹುಟ್ಟಿದ ಅನುಮತಿ ಇಂದಿಗೂ ಕಡತದ ಮೊದಲ ಪುಟದಲ್ಲಿದೆ. ಬಡಾವಣೆಯನ್ನು ಎಂದೆಂದಿಗೂ ನಿಭಾಯಿಸಬೇಕಾದ ಸ್ಥಳೀಯ ಸಂಸ್ಥೆಯ ಮಾತು ಕೊನೆಯ ಪುಟಗಳಲ್ಲಿದೆ. ಹಕ್ಕಿನ ದಾಖಲೆ, ಕಾಡಿನ ರಕ್ಷಣೆ, ದುರ್ಬಲರ ಜಮೀನಿನ ಕಾವಲು, ಇವೆಲ್ಲ ಅಗತ್ಯವಾದ ಪದರುಗಳೇ. ಅವುಗಳ ಜೊತೆಗೆ ವಾರ್ಡಿನ ಸದಸ್ಯರು, ಗ್ರಾಮಸಭೆ, ನೀರು ಬಿಡುವ ನೌಕರ, ಪಕ್ಕದ ಹೊಲದ ರೈತ ತಿಳಿದಿರುವ ನೆಲದ ಸತ್ಯವೂ ನಕ್ಷೆ ಮಂಜೂರಾಗುವ ಮೊದಲೇ ಕಡತಕ್ಕೆ ಸೇರಬೇಕು. 1993ರ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಸ್ಥಾನ ಬಡಾವಣೆಯ ವಿಷಯದಲ್ಲಿ ಪೂರ್ಣವಾಗಿ ಸಲ್ಲುವುದು, ಅವುಗಳ ಅಭಿಪ್ರಾಯವನ್ನು ನಕ್ಷೆಯ ಆರಂಭದ ಹಂತದಲ್ಲೇ ಕೇಳಿ, ಆ ಅಭಿಪ್ರಾಯ ಕೊಡಲು ಬೇಕಾದ ಎಂಜಿನಿಯರು ಮತ್ತು ಭೂಮಾಪಕರನ್ನು ಅವುಗಳಿಗೆ ಒದಗಿಸಿದಾಗ.